ಕಲ್ಕತ್ತೆಯ ಚೆಂಡಾಟವೂ ಮಾತಿನಾಟವೂ

ಕಲ್ಕತ್ತೆಗೆ ಹೋಗಿ ಬಂದ ನಮ್ಮ ಕಡೆಯ ಯಾತ್ರಿಕರು ಸಾಮಾನ್ಯವಾಗಿ ಕಾಳೀಘಟ್ಟವನ್ನು ವರ್ಣಿಸುವರು. ದಕ್ಷಿಣೇಶ್ವರದ ಗಂಗಾತೀರವನ್ನೂ, ಬೇಲೂರು ಮಠದ ಶಾಂತಿಯನ್ನೂ, ಹೌರಾ ಸೇತುವೆಯ ಜನಪ್ರವಾಹವನ್ನೂ ವರ್ಣಿಸುವರು. ಕೊನೆಗೆ ರಸಗುಲ್ಲದ ಪ್ರಸ್ತಾಪಕ್ಕೆ ಬಂದು ಮಾತನ್ನು ಮುಗಿಸುವರು. ಇವೆಲ್ಲವೂ ನೋಡತಕ್ಕುವೇ, ಹೇಳತಕ್ಕುವೇ ಸರಿ. ಆದರೆ ಆ ಊರಿನ ಜನರ ಮನಸ್ಸು ಎಲ್ಲಿ ನೆಲೆಸಿದೆಯೆಂದು ತಿಳಿಯಬೇಕೆನ್ನುವವನು ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕು. ಹೋಗಿ, ಕೊಡೆಯೊಂದನ್ನು ಕೈಯಲ್ಲಿ ಹಿಡಿದು, ಮೈದಾನದ ಕಡೆಗೆ ನಡೆಯಬೇಕು.

ಮೈದಾನವೆಂಬುದು ಊರಿನ ನಡುವೆ ಹಬ್ಬಿರುವ ದೊಡ್ಡ ಹುಲ್ಲುಬಯಲು. ಹದಿನೆಂಟನೆಯ ಶತಮಾನದಲ್ಲಿ ಆಂಗ್ಲರು ವಿಲಿಯಂ ಕೋಟೆಯನ್ನು ಹೊಸದಾಗಿ ಕಟ್ಟಿಸಿದಾಗ, ತಮ್ಮ ಫಿರಂಗಿಗಳ ಗುಂಡಿಗೆ ಏನೊಂದೂ ಅಡ್ಡವಿರಬಾರದೆಂದು ಸುತ್ತಣ ಕಾಡನ್ನು ಕಡಿಸಿ ನೆಲವನ್ನು ಬಯಲು ಮಾಡಿಸಿದರು. ಆ ಫಿರಂಗಿಗಳು ಹಾರಿಸಬೇಕಾದ ಸಂದರ್ಭವೇ ಬರಲಿಲ್ಲ. ಬಯಲು ಮಾತ್ರ ಉಳಿಯಿತು. ಇಂದಿಗೂ ಆ ನೆಲವು ಸೈನ್ಯದ ವಶದಲ್ಲಿದೆ. ಅದರ ಅಂಚಿನಲ್ಲಿ ಕಾಲ್ಚೆಂಡಿನ ಸಂಘಗಳು ಒಂದರ ಮಗ್ಗುಲಲ್ಲಿ ಒಂದು ಬೀಡುಬಿಟ್ಟಿವೆ. ಸಂಘದ ಮನೆಗೆ ಅಲ್ಲಿಯವರು ಈಗಲೂ ‘ಡೇರೆ’ ಎಂದೇ ಹೇಳುವರು. ಗೋಡೆ ಮಾಡು ಕಿಟಕಿಗಳುಳ್ಳ ಕಟ್ಟಡವನ್ನು ಡೇರೆಯೆಂದು ಏಕೆ ಕರೆಯುವಿರೆಂದು ಕೇಳಿದರೆ, ನಿಮ್ಮನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ನೋಡಿ, ಎಲ್ಲಿಂದ ಬಂದವರೆಂದು ವಿಚಾರಿಸುವರು.

ಈ ಡೇರೆಗಳಲ್ಲಿ ಮೂರು ಪ್ರಸಿದ್ಧವಾದುವು: ಮೋಹನ ಬಾಗಾನ್, ಮಹಮ್ಮಡನ್ ಸ್ಪೋರ್ಟಿಂಗ್, ಈಸ್ಟ್ ಬೆಂಗಾಲ್. ಮಹಮ್ಮಡನ್ ಸಂಘದವರು 1934ರಿಂದ 1938ರವರೆಗೆ ಐದು ವರ್ಷ ಎಡೆಬಿಡದೆ ಕಲ್ಕತ್ತಾ ಲೀಗನ್ನು ಗೆದ್ದವರು. ಅವರ ಕಥೆ ಬೇರೊಂದು ಲೇಖನಕ್ಕೆ ಯೋಗ್ಯವಾದುದು. ಇಲ್ಲಿ ನಾನು ಹೇಳಹೊರಟಿರುವುದು ಉಳಿದಿಬ್ಬರ ವ್ಯಾಜ್ಯವನ್ನು.

ಮೋಹನ ಬಾಗಾನ್ ಸಂಘವು 1889ರಲ್ಲಿ ಉತ್ತರ ಕಲ್ಕತ್ತೆಯಲ್ಲಿ ಹುಟ್ಟಿತು. ಹಸಿರು ಮತ್ತು ಕೆಂಗಂದು ಅದರ ಬಣ್ಣಗಳು. ಹಾಯಿದೋಣಿ ಅದರ ಚಿಹ್ನೆ. 1911ನೆಯ ಜುಲೈ 29ರಂದು ಐ. ಎಫ್. ಎ. ಶೀಲ್ಡಿನ ಕೊನೆಯ ಪಂದ್ಯದಲ್ಲಿ ಈ ಸಂಘದವರು ಈಸ್ಟ್ ಯಾರ್ಕ್‌ಷೈರ್ ದಂಡಿನ ಗೋರರನ್ನು 2-1 ಗೋಲುಗಳಿಂದ ಸೋಲಿಸಿದರು. ಎದುರಾಳಿಗಳು ಬೂಟುಗಾಲಿನವರು, ಇವರಲ್ಲಿ ಹೆಚ್ಚಿನವರು ಬರಿಗಾಲಿನವರು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶದ ರಾಜಧಾನಿಯನ್ನು ದಿಲ್ಲಿಗೆ ಒಯ್ಯುವೆವೆಂದು ಚಕ್ರವರ್ತಿಗಳು ಸಾರಿದರು. ರಾಜಧಾನಿಯ ಪಟ್ಟವನ್ನು ಕಳೆದುಕೊಂಡ ಊರು ಈ ಶೀಲ್ಡನ್ನು ಎದೆಗಪ್ಪಿಕೊಂಡಿತೆಂದು ನನಗೆ ತೋರುತ್ತದೆ. ಆ ಹನ್ನೊಂದು ಮಂದಿಯನ್ನು ಬಂಗಾಳಿಗಳು ‘ಅಮರ ಏಕಾದಶ’ರೆಂದು ಕರೆಯುವರು. ಆ ಏಕಾದಶರಲ್ಲಿ ಹಲವರ ಮೂಲ ಪೂರ್ವಬಂಗಾಳವೇ ಎಂಬ ಮಾತನ್ನು ಮಾತ್ರ ಬಾಗಾನಿನವರ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ಈಸ್ಟ್ ಬೆಂಗಾಲಿನ ಹುಟ್ಟು ಒಂದು ಮುನಿಸಿನಿಂದ. 1920ನೆಯ ಜುಲೈ ತಿಂಗಳಿನಲ್ಲಿ ಜೋಡಾಬಾಗಾನ್ ಎಂಬ ಸಂಘಕ್ಕೂ ಮೋಹನ ಬಾಗಾನಿಗೂ ಕೂಚ್ ಬಿಹಾರ್ ಕಪ್ಪಿನ ಪಂದ್ಯವಿದ್ದಿತು. ಶೈಲೇಶ ಬೋಸನೆಂಬ ಆಟಗಾರನನ್ನು ಜೋಡಾಬಾಗಾನಿನವರು ತಂಡದಿಂದ ಬಿಟ್ಟರು. ಆತನು ಪೂರ್ವಬಂಗಾಳದವನಾದುದರಿಂದಲೇ ಬಿಟ್ಟರೆಂದು ಸಂಘದ ಉಪಾಧ್ಯಕ್ಷರಾಗಿದ್ದ ಸುರೇಶಚಂದ್ರ ಚೌಧುರಿಯವರು ಕೋಪಿಸಿಕೊಂಡು ಹೊರಬಂದು, ಕೆಲವೇ ದಿನಗಳಲ್ಲಿ, ಆಗಸ್ಟ್ 1ರಂದು, ಕೆಲವು ಸಂಗಡಿಗರೊಡನೆ ಹೊಸ ಸಂಘವನ್ನು ಕಟ್ಟಿದರು. ಬಣ್ಣ ಕೆಂಪು ಮತ್ತು ಹೊನ್ನು. ಮುಂದೆ ಉರಿಯುವ ಪಂಜು ಅದರ ಚಿಹ್ನೆಯಾಯಿತು.

ಆಗ ಇದೊಂದು ಊರೊಳಗಣ ಮುನಿಸು ಮಾತ್ರವಾಗಿದ್ದಿತು. 1947ರಲ್ಲಿ ದೇಶವು ಎರಡಾಯಿತು. ಪೂರ್ವಬಂಗಾಳದಿಂದ ಲಕ್ಷೋಪಲಕ್ಷ ಜನರು ಮನೆ, ಕೆರೆ, ತೋಟ, ಪಿತೃಗಳ ಬೂದಿ ಎಲ್ಲವನ್ನೂ ಬಿಟ್ಟು ಬಂದು ಸಿಯಾಲ್ದಾ ನಿಲ್ದಾಣದ ಕಲ್ಲುನೆಲದ ಮೇಲೆ ಚಾಪೆ ಹಾಸಿದರು. ಅವರ ಊರುಗಳು ಪರದೇಶವಾಗಿ ಹೋದುವು. ಆ ಹೆಸರನ್ನು ಹೊತ್ತು ಕಲ್ಕತ್ತೆಯಲ್ಲಿ ಉಳಿದಿದ್ದುದು ಒಂದು ಚೆಂಡಾಟದ ಸಂಘ. ಅದು ಗೆದ್ದರೆ ತಾವು ಗೆದ್ದಂತೆ. ಈ ಒಂದು ಸಂಗತಿಯನ್ನು ಬಿಟ್ಟರೆ ಕಲ್ಕತ್ತೆಯ ಕಾಲ್ಚೆಂಡಿನ ಹುಚ್ಚು ಯಾರಿಗೂ ಅರ್ಥವಾಗುವುದಿಲ್ಲ.

ಪೂರ್ವದಿಂದ ಬಂದವರು ‘ಬಾಙಾಲ್’ಗಳು, ಪಶ್ಚಿಮಬಂಗಾಳದ ಮೂಲನಿವಾಸಿಗಳು ‘ಘಟಿ’ಗಳು. ಎರಡೂ ಮೊದಲು ಹಾಸ್ಯದ ಹೆಸರುಗಳೇ. ಬಾಙಾಲ್ ಎಂದರೆ ಹಳ್ಳಿಗಮಾರನೆಂಬ ಧ್ವನಿ. ಘಟಿ ಎಂದರೆ ಅವರ ಭಾಷೆಯಲ್ಲಿ ಚೊಂಬು. ಈಗ ಇಬ್ಬರೂ ತಮ್ಮ ತಮ್ಮ ಹೆಸರನ್ನು ಬಿರುದಿನಂತೆ ಧರಿಸಿಕೊಂಡಿರುವರು. ಬಾಙಾಲರು ಗೆದ್ದ ದಿನ ಪೇಟೆಯಲ್ಲಿ ಇಲೀಶ್ ಮೀನಿಗೆ ಬೆಲೆಯೇರುವುದು. ಘಟಿಗಳು ಗೆದ್ದರೆ ಸೀಗಡಿಗೆ. ಮೀನು ಮಾರುವವನು ಯಾವ ಪಕ್ಷದವನೆಂದು ತಿಳಿಯುವುದು ಕಷ್ಟ. ಅವನಿಗೆ ಇಬ್ಬರೂ ಗೆಲ್ಲಬೇಕು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲುಂಟು. 1940ರ ದಶಕದ ಕೊನೆಯಲ್ಲಿಯೂ ಮುಂದಿನ ದಶಕದ ಆರಂಭದಲ್ಲಿಯೂ ಈಸ್ಟ್ ಬೆಂಗಾಲಿನ ಮುಂದಾಳುಗಳಾಗಿ ಆಡಿದ ಐವರನ್ನು ಅಲ್ಲಿಯ ಜನರು ‘ಪಂಚಪಾಂಡವ’ರೆಂದು ಕರೆಯುತ್ತಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್. ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ; ಎಲ್ಲರೂ ದಕ್ಷಿಣದವರು! ಅಹ್ಮದ್ ಖಾನರು ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ ಪಂದ್ಯಗಳಲ್ಲಿ ಭಾರತದ ತಂಡದಲ್ಲಿ ಆಡಿದವರು. ಅದೇ ಪಂದ್ಯಗಳಲ್ಲಿ ಫ್ರಾನ್ಸಿನ ಮೇಲೆ ಭಾರತದ ಮೊದಲನೆಯ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ನರೂ ಬೆಂಗಳೂರಿನವರೇ. ಅವರು ಮೋಹನ ಬಾಗಾನಿನ ಕಡೆ ಆಡಿದರು. ಹೀಗೆ ನಮ್ಮೂರು ಎರಡು ಪಕ್ಷಕ್ಕೂ ಒಬ್ಬೊಬ್ಬರನ್ನು ಕೊಟ್ಟು ತಟಸ್ಥವಾಗಿದೆ. ಪಾಂಡವರಿದ್ದ ಕಾಲದಲ್ಲಿ ಈಸ್ಟ್ ಬೆಂಗಾಲ್ 1949, 1950, 1951 ಮೂರು ವರ್ಷವೂ ಶೀಲ್ಡನ್ನು ಗೆದ್ದಿತು. ಅಹ್ಮದ್ ಖಾನರು 2017ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರನ್ನು ಬಲ್ಲವರಿಗಿಂತ ಕಲ್ಕತ್ತೆಯಲ್ಲಿ ಬಲ್ಲವರೇ ಹೆಚ್ಚೆಂದು ಹೇಳಲು ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಇನ್ನು ಮಾತಿನ ವಿಷಯ. ಬಂಗಾಳಿಯ ವ್ಯಾಕರಣವು ನಮ್ಮವರಿಗೆ ಮೊದಲ ನೋಟಕ್ಕೆ ಬಹು ಸುಲಭವಾಗಿ ಕಾಣುವುದು. ಅವನು ಹೋದನು, ಅವಳು ಹೋದಳು ಎಂಬ ಭೇದ ಅಲ್ಲಿಲ್ಲ. ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ. ಆದರೆ ಮರ್ಯಾದೆಯ ಭೇದವುಂಟು. ಆಪನಿ, ತುಮಿ, ತುಇ ಎಂದು ಮೂರು ಮೆಟ್ಟಿಲು. ಚೆಂಡಾಟ ನೋಡುವಾಗ ಪಂಚಾಯಿತಿದಾರನಿಗೆ, ಎಂದರೆ ರೆಫರಿಗೆ, ಎಷ್ಟು ಸಭ್ಯನಾದ ಗೃಹಸ್ಥನೂ ಕೊನೆಯ ಮೆಟ್ಟಿಲನ್ನೇ ಬಳಸುವನು. ನಮ್ಮಲ್ಲಿದ್ದಂತೆ ಅವರಲ್ಲಿಯೂ ಗ್ರಂಥದ ಮಾತಿಗೂ ಬಾಯಿಮಾತಿಗೂ ದೊಡ್ಡ ಜಗಳ ನಡೆದಿದೆ. ‘ಸಾಧು’ ಭಾಷೆಯನ್ನು ಬಿಟ್ಟು ‘ಚಲಿತ’ ಭಾಷೆಯಲ್ಲಿ ಬರೆಯಬೇಕೆಂದು ಪ್ರಮಥ ಚೌಧುರಿಯವರು 1914ರಲ್ಲಿ ‘ಸಬುಜ್ ಪತ್ರ’ವೆಂಬ ಮಾಸಪತ್ರಿಕೆಯನ್ನೇ ತೆಗೆದರು. ಕ್ರಮೇಣ ಚಲಿತವೇ ಗೆದ್ದಿತು. ಆದರೆ ಯಾರ ಬಾಯಲ್ಲಿ ಚಲಿತವಾದುದು? ಕಲ್ಕತ್ತೆ, ನದಿಯಾ ಮೊದಲಾದ ಭಾಗೀರಥೀತೀರದವರ ಬಾಯಲ್ಲಿ. ಪದ್ಮಾನದಿಯ ಆಚೆಯವರ ಬಾಯಿಮಾತು ಪುಸ್ತಕಕ್ಕೆ ಬರಲಿಲ್ಲ. ನಿರಾಶ್ರಿತರಾಗಿ ಬಂದವರು ತಮ್ಮ ಮಾತೂ ಅಶುದ್ಧವೆಂಬುದನ್ನು ಇಲ್ಲಿಗೆ ಬಂದು ಕಲಿತುಕೊಳ್ಳಬೇಕಾಯಿತು.

ವ್ಯತ್ಯಾಸವಾದರೂ ಎಷ್ಟು? ‘ತಿನ್ನುವೆನು’ ಎಂಬುದಕ್ಕೆ ಶಿಷ್ಟರೂಪ ‘ಖಾಬೊ’. ಪೂರ್ವದವರು ‘ಖಾಮು’ ಎನ್ನುವರು. ‘ನನ್ನನ್ನು’ ಎಂಬುದಕ್ಕೆ ಶಿಷ್ಟರೂಪ ‘ಆಮಾಕೆ’, ಪೂರ್ವದವರದು ‘ಆಮಾರೆ’. ನಮ್ಮಲ್ಲಿ ಮೈಸೂರಿನವರಿಗೂ ಧಾರವಾಡದವರಿಗೂ ಮಂಗಳೂರಿನವರಿಗೂ ಇರುವಷ್ಟೇ ಭೇದ. ಆದರೆ ಧಾರವಾಡದವನು ಧಾರವಾಡದಲ್ಲಿಯೇ ಇದ್ದಾನೆ. ತನ್ನ ಮಾತನ್ನಾಡಲು ಅವನಿಗೊಂದು ಊರಿದೆ.

2023ನೆಯ ಸಪ್ಟೆಂಬರ್ 3ನೆಯ ತಾರೀಖು ಭಾನುವಾರ ನಾನು ಕಲ್ಕತ್ತೆಯಲ್ಲಿದ್ದೆನು. ಅಂದು ಡ್ಯೂರಂಡ್ ಕಪ್ಪಿನ ಕೊನೆಯ ಪಂದ್ಯ. ಮೋಹನ ಬಾಗಾನಿಗೂ ಈಸ್ಟ್ ಬೆಂಗಾಲಿಗೂ. ಈ ಕಪ್ಪು 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದುದು. ಬಹುಕಾಲ ದಿಲ್ಲಿಯಲ್ಲಿ ನಡೆದು 2019ರಲ್ಲಿ ಕಲ್ಕತ್ತೆಗೆ ಬಂದಿತು. ಅಂದಿನವರೆಗೆ ಎರಡು ಸಂಘಗಳೂ ಹದಿನಾರು ಹದಿನಾರು ಸಲ ಅದನ್ನು ಗೆದ್ದು ಸಮನಾಗಿದ್ದುವು. ಆಗಸ್ಟ್ 12ರಂದು ಇದೇ ಕಪ್ಪಿನ ಮೊದಲ ಸುತ್ತಿನಲ್ಲಿ ಈಸ್ಟ್ ಬೆಂಗಾಲ್ 1-0 ಗೆದ್ದು, ಎಡೆಬಿಡದ ಎಂಟು ಸೋಲುಗಳ ಅವಮಾನವನ್ನು ತೊಳೆದುಕೊಂಡಿತ್ತು. ಹೀಗಿರಲು ಊರಿನ ಸ್ಥಿತಿ ಹೇಗಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಪಂದ್ಯವು ಸಾಲ್ಟ್ ಲೇಕಿನ ದೊಡ್ಡ ಕ್ರೀಡಾಂಗಣದಲ್ಲಿ. 1984ರಲ್ಲಿ ಕಟ್ಟಿದುದು ಅದು. 1997ನೆಯ ಜುಲೈ 13ರಂದು ಈ ಎರಡು ತಂಡಗಳ ಒಂದು ಪಂದ್ಯಕ್ಕೆ ಅಲ್ಲಿ ಸುಮಾರು 1,31,000 ಜನ ಸೇರಿದ್ದರಂತೆ. ಈಗ ಆಸನಗಳನ್ನು ಹಾಕಿದ ಮೇಲೆ ಸುಮಾರು ಅರುವತ್ತೆಂಟು ಸಾವಿರ ಮಂದಿಗೆ ಸ್ಥಳ. ನನಗೆ ಟಿಕೆಟು ದೊರೆಯಲಿಲ್ಲ. ಅದಕ್ಕೆ ನಾನು ವ್ಯಥೆಪಡಲೂ ಇಲ್ಲ; ಏಕೆಂದರೆ ಟೆಲಿವಿಷನ್ನಿನ ಮುಂದೆ ಕುಳಿತ ಒಂದು ಮನೆಯನ್ನು ನೋಡುವ ಭಾಗ್ಯ ದೊರೆಯಿತು.

ಆ ಮನೆ ಬಿಜಯಗಡದಲ್ಲಿದೆ. ಊರಿನ ದಕ್ಷಿಣಕ್ಕೆ, ಜಾದವಪುರದ ಮಗ್ಗುಲಲ್ಲಿ, ಯುದ್ಧಕಾಲದಲ್ಲಿ ಸೈನ್ಯದ ಪಾಳೆಯವಿದ್ದ ನೆಲದಲ್ಲಿ ನಿರಾಶ್ರಿತರು ತಾವೇ ಕಟ್ಟಿಕೊಂಡ ವಸತಿ ಅದು. ಬಿದಿರು ತಡಿಕೆಯ ಗುಡಿಸಲುಗಳಿದ್ದಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಮನೆಗಳೆದ್ದಿವೆ. ಅಂದು ಬೀದಿಯ ಈ ಬದಿಯಿಂದ ಆ ಬದಿಗೆ ಹಗ್ಗ ಕಟ್ಟಿ ಕೆಂಪು ಹೊನ್ನಿನ ಬಾವುಟಗಳನ್ನು ತೂಗಹಾಕಿದ್ದರು. ನನ್ನ ಮಿತ್ರರು ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ಅಚ್ಚುಕಟ್ಟಾಗಿ ಕನ್ನಡ ಕಲಿತವರು. ಅವರ ತಂದೆಯವರಿಗೆ ಎಂಬತ್ತೆರಡು ವಯಸ್ಸು. 1950ರ ಗಲಭೆಯಲ್ಲಿ ಬರಿಸಾಲ್ ಜಿಲ್ಲೆಯನ್ನು ಬಿಟ್ಟು ಬಂದಾಗ ಒಂಬತ್ತು ವರ್ಷದ ಹುಡುಗ. ಮಿತ್ರರ ಪತ್ನಿ ಬಾಗಬಜಾರಿನ ಹಳೆಯ ಘಟಿ ಮನೆತನದವರು. ಸಾಲದುದಕ್ಕೆ ಶಾಲೆಯಲ್ಲಿ ಬಂಗಾಳಿ ಭಾಷೆಯನ್ನು ಕಲಿಸುವ ಉಪಾಧ್ಯಾಯಿನಿ. ಅಂದು ಅವರ ಅಣ್ಣನೂ ಹಸಿರು ಕೆಂಗಂದಿನ ಅಂಗಿಯನ್ನು ತೊಟ್ಟುಕೊಂಡು ಶತ್ರುಶಿಬಿರಕ್ಕೆ ಬರುವಂತೆ ಬಂದಿದ್ದನು. ಹದಿನೇಳು ವರ್ಷದ ಮೊಮ್ಮಗಳೊಬ್ಬಳು. ಇವಳು ಅಜ್ಜನ ಪಕ್ಷ.

“ಬೆಂಗಳೂರಿನವರೇ? ಅಹ್ಮದ್ ಖಾನರ ಊರು!” ಎಂದು ಮುದುಕರು ಎರಡು ಕೈಯಿಂದಲೂ ನನ್ನ ಕೈ ಹಿಡಿದರು. ನಾನು ಆ ಊರಿನವನೆಂಬುದಕ್ಕಿಂತ ಹೆಚ್ಚಿನ ಯೋಗ್ಯತೆ ಅಂದು ನನಗೆ ಬೇಕಾಗಲಿಲ್ಲ. ಟೆಲಿವಿಷನ್ನಿನ ಎದುರಿಗಿದ್ದ ಒಳ್ಳೆಯ ಕುರ್ಚಿ ನನಗೆ ಬಂದಿತು. ಮಣ್ಣಿನ ಕುಡಿಕೆಗಳಲ್ಲಿ ಚಹವೂ, ಸಾಸಿವೆಯೆಣ್ಣೆ ಕಲಸಿದ ಮಂಡಕ್ಕಿಯೂ ಬಂದುವು.

“ಬೌಮಾ, ಅತಿಥಿಗಳು ಮೀನು ತಿನ್ನುವವರಲ್ಲವಂತೆ. ಅವರಿಗೆ ಲುಚಿ ಮಾಡು” ಎಂದರು ಮುದುಕರು ಸೊಸೆಗೆ.

“ನುಚಿಯೇ ತಾವೈ ಮಶಾಯ್, ನುಚಿ!” ಎಂದನು ಸೊಸೆಯ ಅಣ್ಣ. ಲುಚಿಯೆಂದರೆ ನಮ್ಮ ಪೂರಿಯಂಥದೇ, ಮೈದಾಹಿಟ್ಟಿನದು. ಹಳೆಯ ಘಟಿಗಳ ಬಾಯಲ್ಲಿ ಮೊದಲ ‘ಲ’ಕಾರವು ‘ನ’ಕಾರವಾಗುವುದು, ಲುಚಿಗೆ ನುಚಿ, ನಿಂಬೆಯ ಲೆಬುವಿಗೆ ನೆಬು. ಬೇಕೆಂದೇ ಹಾಗೆ ಹೇಳಿ ಅವನು ಕದನಕ್ಕೆ ಶಂಖ ಊದಿದನು.

“ಕೇಳಿದಿರಾ? ಇವರದು ಶುದ್ಧ ಬಂಗಾಳಿಯಂತೆ! ಪುಸ್ತಕದಲ್ಲಿ ‘ಗೆಲಾಮ್’ ಎಂದು ಬರೆಯುವರು. ಮನೆಯಲ್ಲಿ ‘ಗೆಲುಮ್’ ಎನ್ನುವರು. ಲುಚಿ ಎಂದು ಅಚ್ಚುಹಾಕುವರು. ನುಚಿ ಎಂದು ತಿನ್ನುವರು. ನಾನು ‘ಖಾಮು’ ಎಂದರೆ ಮಾತ್ರ ತಪ್ಪು!” ಎಂದು ಮುದುಕರು ನನ್ನನ್ನು ನ್ಯಾಯಕ್ಕೆ ಕರೆದರು.

ಸೊಸೆಯು ಅಡಿಗೆಯ ಮನೆಯ ಬಾಗಿಲಿನಲ್ಲಿ ನಿಂತು, “ಬಾಬಾ, ಪರೀಕ್ಷೆಯಲ್ಲಿ ಬರೆದರೆ ನಿಮಗೂ ಅಂಕವಿಲ್ಲ, ಅಣ್ಣನಿಗೂ ಇಲ್ಲ” ಎಂದು ತೀರ್ಪು ಹೇಳಿ ಒಳಕ್ಕೆ ಹೋದರು.

ಮೊದಲರ್ಧದಲ್ಲಿ ಗೋಲಾಗಲಿಲ್ಲ. ಚೆಂಡು ಬಾಗಾನಿನ ಗೋಲಿನ ಬಳಿಗೆ ಹೋದಾಗಲೆಲ್ಲ ಮೊಮ್ಮಗಳು ಎದ್ದು ನಿಂತು, “ಆಮ್ರಾ ಜಿತುಮ್!” ಎಂದು ಕೂಗುತ್ತಿದ್ದಳು, ‘ನಾವು ಗೆಲ್ಲುವೆವು’ ಎಂದರ್ಥ. ಮೂರನೆಯ ಸಲ ಅವಳು ಹಾಗೆ ಕೂಗಿದಾಗ ಮುದುಕರು ಟೆಲಿವಿಷನ್ನಿನಿಂದ ಮುಖ ತಿರುಗಿಸಿದರು.

“ಜಿತುಮ್ ಅಲ್ಲ. ಅದು ಢಾಕಾದವರ ಮಾತು. ನಮ್ಮದು ಬರಿಸಾಲ್. ‘ಮೋರಾ ಜಿತ್‌ಮು’ ಎನ್ನು.”

ಹುಡುಗಿ ನಕ್ಕು, “ಎಲ್ಲರೂ ಹೀಗೆಯೇ ಕೂಗುವರು, ದಾದು. ಬಾಙಾಲ್ ಮಾತು ಎಂದರೆ ಇದೇ” ಎಂದಳು.

ಮಿತ್ರರು ನನಗೆ ಮೆಲ್ಲಗೆ ಕನ್ನಡದಲ್ಲಿ ವಿವರಿಸಿದರು. ಮನೆಯಲ್ಲಿ ಈಗ ಎಲ್ಲರೂ ಆಡುವುದು ಶಿಷ್ಟರೂಪವನ್ನೇ. ಬಾಙಾಲ್ ಮಾತು ಪಂದ್ಯದ ದಿನ ಮಾತ್ರ ಹೊರಬರುವುದು. ಹಬ್ಬದ ದಿನ ಪೆಟ್ಟಿಗೆಯಿಂದ ತೆಗೆದ ರೇಷ್ಮೆಯ ಸೀರೆಯಂತೆ. ಮಗಳು ಅದನ್ನು ಅಜ್ಜನಿಂದ ಕಲಿತವಳಲ್ಲ. ಗ್ಯಾಲರಿಯ ಘೋಷಣೆಗಳಿಂದಲೂ ಸಿನಿಮಾಗಳಿಂದಲೂ ಕಲಿತವಳು. ಆ ಘೋಷಣೆಗಳಲ್ಲಿ ಢಾಕಾ, ಬರಿಸಾಲ್, ಮೈಮೆನ್‌ಸಿಂಗ್ ಎಲ್ಲವೂ ಕಲಸಿಹೋಗಿವೆ. ಅಜ್ಜನ ಪಕ್ಷ ಹಿಡಿದ ಹುಡುಗಿಗೆ ಅಜ್ಜನ ಮಾತು ತಿಳಿಯದು.

“‘ಮುಇ’, ‘ಮೋರಾ’ ಎಂದರೆ ಹಳ್ಳಿಯ ಮಾತಲ್ಲವೆ ದಾದು? ಶಾಲೆಯಲ್ಲಿ ಅಂದರೆ ನಗುತ್ತಾರೆ” ಎಂದಳು ಹುಡುಗಿ.

‘ಮುಇ’ ಎಂದರೆ ನಾನು. ‘ಮೋರಾ’ ಎಂದರೆ ನಾವು. ಶಿಷ್ಟರೂಪಗಳು ಆಮಿ, ಆಮ್ರಾ. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದರು: “ದೊಡ್ಡ ದೊಡ್ಡ ಕವಿಗಳ ಹಾಡುಗಳಲ್ಲಿ ‘ಮೋರಾ’ ಇದೆ. ನಿನ್ನ ತಾಯಿ ಅದನ್ನು ಪಾಠ ಹೇಳುತ್ತಾಳೆ. ಕವಿ ಹೇಳಿದರೆ ಕಾವ್ಯ, ನಾನು ಹೇಳಿದರೆ ಹಳ್ಳಿ! ಇಲ್ಲಿಗೆ ಬಂದ ವರ್ಷ ಶಾಲೆಯಲ್ಲಿ ಮೇಷ್ಟರು ಏನೋ ಕೇಳಿದರು. ‘ಮುಇ’ ಎಂದು ಎದ್ದು ನಿಂತೆ. ಮುಂದಿನ ಮಾತನ್ನು ಆಡಗೊಡಲಿಲ್ಲ. ತರಗತಿಯೆಲ್ಲ ನಕ್ಕಿತು, ಮೇಷ್ಟರೂ ನಕ್ಕರು. ಆ ವರ್ಷ ಪೂರ್ತಿ ತರಗತಿಯಲ್ಲಿ ನಾನು ಬಾಯಿ ತೆರೆಯಲಿಲ್ಲ. ಮರುವರ್ಷ ಚಿಕ್ಕಪ್ಪ ಮೈದಾನಕ್ಕೆ ಕರೆದುಕೊಂಡು ಹೋದನು. ಅಹ್ಮದ್ ಖಾನರು ಚೆಂಡನ್ನು ಕಾಲಿಗೆ ಕಟ್ಟಿಕೊಂಡವರಂತೆ ಓಡುತ್ತಿದ್ದರು. ನಾನು ಆಟ ನೋಡಲಿಲ್ಲ. ಸುತ್ತಲೂ ಸಾವಿರಾರು ಜನ ಗಂಟಲು ಹರಿಯುವಂತೆ ನಮ್ಮ ಮಾತನ್ನು ಆಡುತ್ತಿದ್ದರು, ಒಬ್ಬನೂ ನಗಲಿಲ್ಲ. ಅದನ್ನೇ ಕೇಳುತ್ತ ನಿಂತೆ.”

ಹುಡುಗಿಯು ಏನೂ ಹೇಳಲಿಲ್ಲ. ಅವಳ ಸೋದರಮಾವನೂ ಆಗ ಚೇಷ್ಟೆ ಮಾಡಲಿಲ್ಲ. ಟೆಲಿವಿಷನ್ನಿನಲ್ಲಿ ಎರಡನೆಯ ಅರ್ಧವು ಆರಂಭವಾಗಿತ್ತು.

ಅರುವತ್ತೆರಡನೆಯ ನಿಮಿಷದಲ್ಲಿ ಬಾಗಾನಿನ ಅನಿರುದ್ಧ ಥಾಪನಿಗೆ ಎರಡನೆಯ ಹಳದಿ ಚೀಟಿ ಬಿದ್ದು ಅವನು ಹೊರಬಿದ್ದನು. ಬೀದಿಯಲ್ಲಿ ಪಟಾಕಿ ಸಿಡಿಯಿತು. ಹತ್ತು ಮಂದಿಯ ಎದುರಿಗೆ ಹನ್ನೊಂದು ಮಂದಿ; ಇನ್ನೇನು ಬೇಕು? ಆದರೆ ಆಟದ ನ್ಯಾಯವೇ ಬೇರೆ. ಎಪ್ಪತ್ತೊಂದನೆಯ ನಿಮಿಷದಲ್ಲಿ ದಿಮಿತ್ರಿ ಪೆತ್ರಾತೋಸ್ ಎಂಬ ಆಸ್ಟ್ರೇಲಿಯದ ಆಟಗಾರನು ಚೆಂಡನ್ನು ತೆಗೆದುಕೊಂಡು ಬಹುದೂರ ಒಂಟಿಯಾಗಿ ಓಡಿಬಂದು, ಎಡಗಾಲಿನಿಂದ ಒದ್ದು ಗೋಲು ಹೊಡೆದನು. ಬಿಜಯಗಡದ ಬೀದಿಯಲ್ಲಿ ಎಲೆ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ನಮ್ಮ ಕೋಣೆಯಲ್ಲಿ ಮಾತ್ರ ಒಬ್ಬನು ಕುಣಿಯುತ್ತಿದ್ದನು.

“ತಿಂದಿರಿ! ಗೋಲು ತಿಂದಿರಿ!” ಎಂದು ಅವನ ಕೂಗು. ಬಂಗಾಳಿಯಲ್ಲಿ ಗೆದ್ದವನು ಗೋಲನ್ನು ‘ಕೊಡುವನು’. ಸೋತವನು ಗೋಲನ್ನು ‘ತಿನ್ನುವನು’. 1975ರ ಶೀಲ್ಡಿನ ಕೊನೆಯ ಪಂದ್ಯದಲ್ಲಿ ಮೋಹನ ಬಾಗಾನ್ ಐದು ಗೋಲು ತಿಂದಿತ್ತು. ಅದನ್ನು ಬಾಙಾಲರು ಇಂದಿಗೂ ನೆನಪು ಮಾಡಿಕೊಡುವರು. ಈ ಪ್ರಯೋಗವು ಸಾಧುವೇ ಎಂದು ಮತ್ತೊಂದು ವಾದ ಹತ್ತಿತು. ಉಪಾಧ್ಯಾಯಿನಿಯವರ ಮತದಲ್ಲಿ ಬರವಣಿಗೆಯಲ್ಲಿ ‘ಗೋಲು ಮಾಡಿದರು’ ಎಂದಿರಬೇಕು; ತಿನ್ನುವುದು ಬೀದಿಯ ಮಾತು. ಮುದುಕರು ಸೋಲಿನ ದುಃಖದಲ್ಲಿಯೂ ಇದನ್ನು ಒಪ್ಪಲಿಲ್ಲ. ಬಂಗಾಳಿಯು ನೀರನ್ನು ತಿನ್ನುವನು, ಹೊಗೆಬತ್ತಿಯನ್ನು ತಿನ್ನುವನು; ಗೋಲನ್ನೇಕೆ ತಿನ್ನಬಾರದು? ಅವರ ಭಾಷೆಯಲ್ಲಿ ಕುಡಿಯುವುದಕ್ಕೂ ಸೇದುವುದಕ್ಕೂ ತಿನ್ನುವ ಧಾತುವೇ ಸಾಕು. ನನ್ನ ಅಭಿಪ್ರಾಯ ಕೇಳಿದರು. ಕನ್ನಡದಲ್ಲಿ ನಾವು ಪೆಟ್ಟು ತಿನ್ನುವೆವು, ಬೈಗಳು ತಿನ್ನುವೆವು, ಕೆಲವರು ಲಂಚ ತಿನ್ನುವರು. ಗೋಲು ತಿನ್ನುವುದರಲ್ಲಿ ನನಗೆ ದೋಷ ಕಾಣುವುದಿಲ್ಲವೆಂದೆನು. ಈ ಒಂದು ವಿಷಯದಲ್ಲಿ ಘಟಿ ಬಾಙಾಲರಿಬ್ಬರೂ ನನ್ನ ಪಕ್ಷಕ್ಕೆ ಬಂದರು. ಉಪಾಧ್ಯಾಯಿನಿಯವರು ಮಾತ್ರ ತಮ್ಮ ಅಭಿಪ್ರಾಯವನ್ನು ಬದಲಾಯಿಸಲಿಲ್ಲ.

ಪಂದ್ಯವು 1-0 ಎಂದು ಮುಗಿಯಿತು. ಬಾಗಾನಿಗೆ ಹದಿನೇಳನೆಯ ಕಪ್ಪು. ರಾತ್ರಿ ಊಟಕ್ಕೆ ಅಣ್ಣನು ತಂದಿದ್ದ ಸೀಗಡಿಯನ್ನು ತೆಂಗಿನಹಾಲಿನಲ್ಲಿ ಬೇಯಿಸಿದ್ದರು. ಮುದುಕರ ಎಲೆಗೆ ಬಡಿಸಲು ಬಂದಾಗ, “ಬೇಡ ಬೌಮಾ, ಒಂದು ಗೋಲು ತಿಂದು ಹೊಟ್ಟೆ ತುಂಬಿದೆ” ಎಂದರು. ಆಮೇಲೆ ಎರಡು ಸಲ ಹಾಕಿಸಿಕೊಂಡರು.

ಇದೆಲ್ಲ ನಗೆಯ ಜಗಳವೆಂದು ತಿಳಿದರೂ ಪೂರ್ತಿಯಾಗಿ ಸರಿಯಲ್ಲ. 1980ನೆಯ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಲೀಗ್ ಪಂದ್ಯದಲ್ಲಿ ಗಲಭೆಯೆದ್ದು ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಪ್ರೇಕ್ಷಕರು ಸತ್ತರು. ಆಟ ನೋಡಲು ಹೋದ ಮಕ್ಕಳು ಮನೆಗೆ ಬರಲಿಲ್ಲ. ಆ ದಿನದ ನೆನಪಿಗಾಗಿ ಪ್ರತಿವರ್ಷ ರಕ್ತದಾನ ನಡೆಯುತ್ತದೆ. ರಕ್ತ ಕೊಡುವವರನ್ನು ಯಾವ ಪಕ್ಷವೆಂದು ಕೇಳುವುದಿಲ್ಲ. ನನ್ನ ಮಿತ್ರರ ತಾಯಿಯವರು ಆ ಸಂಜೆಯ ಬಳಿಕ, ತಾವು ಬದುಕಿರುವವರೆಗೂ, ಗಂಡನನ್ನಾಗಲಿ ಮಗನನ್ನಾಗಲಿ ಈ ಎರಡು ತಂಡಗಳ ಪಂದ್ಯಕ್ಕೆ ಹೋಗಗೊಡಲಿಲ್ಲವಂತೆ. ಮನೆಗೆ ಮೊದಲು ಟೆಲಿವಿಷನ್ ಬಂದುದು ಅದೇ ಕಾರಣದಿಂದ.

ಮರುದಿನ ಬೆಳಗ್ಗೆ ನಾನು ಬಾಗಬಜಾರಿಗೆ ಹೋದೆನು. ಅಲ್ಲಿಯ ಹಳೆಯ ಮನೆಗಳ ಮುಂದೆ, ನಮ್ಮ ಹಳ್ಳಿಯ ಜಗಲಿಯಂತೆ, ‘ರೋಯಾಕ್’ ಎಂಬ ಕಟ್ಟೆಗಳಿರುವುವು. ಹೊತ್ತೇರುವ ಮೊದಲೇ ಅಲ್ಲಿ ಪತ್ರಿಕೆ ಹಿಡಿದು ಕುಳಿತ ವೃದ್ಧರು ನಿನ್ನೆಯ ಗೋಲನ್ನು ಇನ್ನೊಮ್ಮೆ ಹೊಡೆಯುತ್ತಿದ್ದರು. ಒಬ್ಬರು ಪತ್ರಿಕೆಯ ಶೀರ್ಷಿಕೆಯಲ್ಲಿ ಕಾಗುಣಿತದ ತಪ್ಪನ್ನು ಹಿಡಿದು, ಕೆಂಪು ಲೇಖನಿಯಿಂದ ತಿದ್ದಿ, ಪಕ್ಕದವರಿಗೆ ಕೊಟ್ಟರು. ಪಕ್ಕದವರು ಆ ತಿದ್ದುಪಡಿಯನ್ನು ತಿದ್ದಿದರು.

2024ನೆಯ ಆಗಸ್ಟ್ 18ರಂದು ಡ್ಯೂರಂಡ್ ಕಪ್ಪಿನಲ್ಲಿ ಇದೇ ತಂಡಗಳು ಮತ್ತೆ ಎದುರಾಗಬೇಕಾಗಿತ್ತು. ಅದಕ್ಕೆ ಒಂಬತ್ತು ದಿನ ಮೊದಲು ಕಲ್ಕತ್ತೆಯ ಆರ್. ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದ ಮೇಲಿದ್ದ ತರುಣ ವೈದ್ಯೆಯೊಬ್ಬಳ ಘೋರಹತ್ಯೆಯಾಗಿ ಊರೆಲ್ಲ ಕುದಿಯುತ್ತಿತ್ತು. ರಕ್ಷಣೆಯ ಕಾರಣದಿಂದ ಪಂದ್ಯವನ್ನು ರದ್ದುಮಾಡಿದರು. ಆದರೂ ಆ ಸಂಜೆ ಜನರು ಸಾಲ್ಟ್ ಲೇಕಿನ ಕ್ರೀಡಾಂಗಣದ ಹೊರಗೆ ಸೇರಿದರು. ಹಸಿರು ಕೆಂಗಂದಿನವರೂ, ಕೆಂಪು ಹೊನ್ನಿನವರೂ, ಮಹಮ್ಮಡನ್ನಿನವರೂ. ಒಂದು ಪಕ್ಷದವನ ಹೆಗಲ ಮೇಲೆ ಇನ್ನೊಂದು ಪಕ್ಷದವನು ಕುಳಿತು ನ್ಯಾಯ ಬೇಕೆಂದು ಕೂಗುತ್ತಿದ್ದುದನ್ನು ದೇಶವೆಲ್ಲ ನೋಡಿತು.

ಮಿತ್ರರ ಪತ್ನಿಯವರು ನನಗೆ ಬರೆದ ಕಾಗದದಲ್ಲಿ ಆ ಸಂಜೆಯ ವಿಷಯವಿತ್ತು. ಮಗಳು ಸೋದರಮಾವನ ಜೊತೆಗೆ ಹೋಗಿದ್ದಳಂತೆ. ಅವಳದು ಅವಳ ಅಂಗಿ, ಅವನದು ಅವನ ಅಂಗಿ. ಮನೆಗೆ ಬರುವಾಗ ಬಹಳ ಹೊತ್ತಾಗಿತ್ತಂತೆ. ಮುದುಕರು ಮಲಗದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾದಿದ್ದು, ಅಲ್ಲಿ ಏನೆಂದು ಕೂಗಿದಿರೆಂದು ಕೇಳಿ, ಮೊಮ್ಮಗಳು ಹೇಳಿದುದನ್ನು ಪೂರ್ತಿಯಾಗಿ ಕೇಳಿಸಿಕೊಂಡರಂತೆ. ಅಂದು ಮನೆಯಲ್ಲಿ ಇಲೀಶೂ ಇರಲಿಲ್ಲ, ಸೀಗಡಿಯೂ ಇರಲಿಲ್ಲ. ಬೇಳೆಯನ್ನೂ ಅನ್ನವನ್ನೂ ಬಿಸಿ ಮಾಡಿ ಮೂವರಿಗೂ ಬಡಿಸಿದೆನೆಂದು ಬರೆದಿದ್ದರು.